ಗದ್ವಾಲದ ಬುರುಜು ಮತ್ತು ಚತುರ್ದಶಿಯ ಚಂದ್ರ

ಕ್ರಿಸ್ತಶಕ ೧೯೫೪, ಜನವರಿ ೨೪, ಆದಿತ್ಯವಾರ. ಆಧಾರ: ನನ್ನ ಮನೆಯ ಗೋಡೆಯ ಪಂಚಾಂಗ. ಪಂಚಾಂಗವೊಂದನ್ನೇ ನಂಬಿ ಕೂರುವುದು ಸಂಶೋಧಕನಾದವನಿಗೆ ಶೋಭಿಸುವುದಿಲ್ಲ. ಆದ್ದರಿಂದ ಹಿಂದಿನ ದಿನದ ವೃತ್ತಪತ್ರಿಕೆಯೊಡನೆ ಅದನ್ನು ತಾಳೆ ನೋಡಿದೆ. ಎರಡೂ ಒಪ್ಪಿದವು. ಆ ದಿನ ಒಂದನ್ನೊಂದು ಒಪ್ಪಿದ್ದು ಅವೆರಡೇ!

ನಾನು ಹೈದರಾಬಾದ್ ಸಂಸ್ಥಾನದ ಸಂಶೋಧನ ಕಚೇರಿಯೊಂದರಲ್ಲಿ ತಾರೀಖುಗಳನ್ನು ಸರಿಪಡಿಸುವ ಉದ್ಯೋಗದಲ್ಲಿದ್ದವನು. ಫಸಲಿ ವರ್ಷವನ್ನು ಇಸವಿಗೆ ತರುವುದು, ಹಿಜರಿಯನ್ನು ಶಕಕ್ಕೆ ಹೊಂದಿಸುವುದು, ಹೊಂದದಿದ್ದಲ್ಲಿ ಹಳಬರು ಯಾರೋ ತಪ್ಪಿದ್ದಾರೆಂದು ಸಾಧಿಸುವುದು: ಇಷ್ಟೇ ನನ್ನ ವೃತ್ತಿ. ನಿವೃತ್ತಿಯ ಮರುವರ್ಷವೇ ಪತ್ನಿ ಪದ್ಮಾಬಾಯಿ ತೀರಿಕೊಂಡಳು. ಮಕ್ಕಳಿಲ್ಲ. ಕಾಚಿಗುಡಾದ ನನ್ನ ಮನೆಯಲ್ಲಿ ನಾನು ಹೇಳಿದ್ದನ್ನು ಅಲ್ಲಗಳೆಯಲು ಒಬ್ಬರೂ ಉಳಿಯಲಿಲ್ಲ. ಈ ಸ್ಥಿತಿ ವಿದ್ವಾಂಸನಿಗೆ ಸುಖಕರವಾಗಿರಬೇಕೆಂದು ನೀವು ಭಾವಿಸಬಹುದು. ಆದಿತ್ಯವಾರದ ಮಧ್ಯಾಹ್ನ ಬಂದು ನೋಡಿ.

ಹೀಗಾಗಿ ಕೋಟೆಗಳನ್ನು ನೋಡುವ ಪದ್ಧತಿ ಇಟ್ಟುಕೊಂಡೆ. ಹೈದರಾಬಾದಿನಿಂದ ಹೊರಟು ಒಂದು ದಿನದಲ್ಲಿ ನೋಡಿ ಬರಬಹುದಾದ ಕೋಟೆಗಳು ಕಡಿಮೆಯೇನಲ್ಲ. ಅಲ್ಲದೆ ಕೋಟೆಗಳಲ್ಲಿ ಒಂದು ಸದ್ಗುಣವುಂಟು: ನಾವು ಮಾತಾಡುತ್ತಿರುವಾಗ ಅವು ಎದ್ದು ಹೋಗುವುದಿಲ್ಲ.

ಮನುಷ್ಯರು ಎದ್ದು ಹೋಗುತ್ತಾರೆ. ಗೋಲ್ಕೊಂಡಕ್ಕೆ ಜೊತೆಯಾಗಿ ಬಂದ ನಿವೃತ್ತ ತಹಶೀಲ್ದಾರರೊಬ್ಬರು ಮೆಟ್ಟಿಲು ಹತ್ತುತ್ತ ತಮ್ಮ ಮದುವೆಯ ವರ್ಷವನ್ನು ಪ್ರಸ್ತಾಪಿಸಿದರು. ಅದು ತಪ್ಪೆಂದು ನಾನು ಸಪ್ರಮಾಣವಾಗಿ ತೋರಿಸಿದೆ. ಅವರ ಪತ್ನಿಯೂ ಪಕ್ಕದಲ್ಲೇ ಇದ್ದರು! ಭುವನಗಿರಿಗೆ ಬಂದ ಮೇಷ್ಟರು ಬಂಡೆಯ ಅರ್ಧದಲ್ಲೇ ನೆನಪಿಗೆ ಬಂದ ತುರ್ತು ಕೆಲಸದ ಮೇಲೆ ಇಳಿದು ಹೋದರು. ಒಮ್ಮೆ ಬಂದವರು ಎರಡನೆಯ ಸಲ ಬಂದದ್ದಕ್ಕೆ ನನ್ನಲ್ಲಿ ಯಾವ ದಾಖಲೆಯೂ ಇಲ್ಲ.

ಇಂಥ ಕಾಲದಲ್ಲಿ ಕೆಳಗಿನ ಮನೆಯ ಬಸಲಿಂಗಪ್ಪನವರು ತಾವಾಗಿಯೇ ಮೆಟ್ಟಿಲು ಹತ್ತಿ ಬಂದರು. ಗದ್ವಾಲದ ಹತ್ತಿರದ ಐಜದ ಕಡೆಯವರು, ಶೇಂಗಾ ವ್ಯಾಪಾರಕ್ಕೆಂದು ಪಟ್ಟಣ ಸೇರಿದವರು. ಇಡೀ ಓಣಿಯಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತಾಡಬಲ್ಲವರು ಅವರೊಬ್ಬರೇ. ಬಾಗಿಲಲ್ಲಿ ನಿಂತು ಕೇಳಿದರು:

"ಪಂಡಿತ್ರ, ಈ ಐತವಾರ ಗದ್ವಾಲಕ್ಕ ಹೋಗೋಣೇನ್ರಿ? ನಾನೂ ಬರ್ತೀನಿ. ಕೋಟಿ ನೋಡಾಕ."

"ಕೋಟೆ ನೋಡಲಿಕ್ಕೆ? ನೀವು?"

"ಯಾಕ್ರಿ, ಶೇಂಗಾ ಮಾರವ್ರು ಕೋಟಿ ನೋಡಬಾರದೇನ್ರಿ?"

ನನಗಾದ ಆನಂದವನ್ನು ವರ್ಣಿಸುವುದು ಈ ಲೇಖನದ ಗಾಂಭೀರ್ಯಕ್ಕೆ ಒಪ್ಪುವುದಿಲ್ಲ. ಇವರನ್ನು ಮಾತ್ರ ಎರಡನೆಯ ಕೋಟೆಗೂ ಕರೆದೊಯ್ಯಲೇಬೇಕೆಂದು ನಿಶ್ಚಯಿಸಿದೆ. ಯಾರ ಮದುವೆಯ ವರ್ಷವನ್ನೂ ತಿದ್ದಕೂಡದೆಂದು ದೇವರ ಮುಂದೆ ಪ್ರತಿಜ್ಞೆ ಮಾಡಿದೆ. ಗದ್ವಾಲದ ಸಂಸ್ಥಾನದ ಮೇಲೆ ಒಂದು ಉಪನ್ಯಾಸವನ್ನೂ ಸಿದ್ಧಪಡಿಸಿಕೊಂಡೆ.

ಶನಿವಾರ ರಾತ್ರಿ ಕಾಚಿಗುಡಾದಲ್ಲಿ ಗಾಡಿ ಹತ್ತಿ, ನಿದ್ದೆಯನ್ನು ಗಾಡಿಯಲ್ಲೇ ಮುಗಿಸಿ, ಹಗಲೆಲ್ಲ ಕೋಟೆ ನೋಡಿ, ಸಂಜೆಯ ಗಾಡಿಗೆ ಮರಳುವುದು: ಇದನ್ನೇ ನಾನು ಒಂದು ದಿನದ ಪ್ರವಾಸ ಎನ್ನುತ್ತೇನೆ. ಗಾಡಿ ಬಿಟ್ಟೊಡನೆ ಉಪನ್ಯಾಸ ಆರಂಭಿಸಿದೆ. ಕೋಟೆ ಕಟ್ಟಿದ ವರ್ಷದ ಬಗೆಗಿನ ಭಿನ್ನಾಭಿಪ್ರಾಯಗಳನ್ನು ಒಂದೊಂದಾಗಿ ಮಂಡಿಸಿದಂತೆಲ್ಲ ಬಸಲಿಂಗಪ್ಪನವರು ತಲೆ ಅಲ್ಲಾಡಿಸುತ್ತ ಬಂದರು. ಇಂಥ ಶ್ರೋತೃ ನನ್ನ ಆಯುಷ್ಯದಲ್ಲಿ ಸಿಕ್ಕಿರಲಿಲ್ಲ. ಅದು ತೂಕಡಿಕೆಯೆಂದು ತಿಳಿದದ್ದು ಅವರ ತಲೆ ನನ್ನ ಭುಜದ ಮೇಲೆ ಬಿದ್ದಾಗ! ಎಬ್ಬಿಸಲಿಲ್ಲ. ಭುಜದ ಮೇಲೆ ಇನ್ನೊಬ್ಬರ ಭಾರ ಬಿದ್ದು ಬಹಳ ದಿನಗಳಾಗಿದ್ದವು.

ಬೆಳಿಗ್ಗೆ ಗದ್ವಾಲದ ಸ್ಟೇಷನ್ನಿನಲ್ಲಿ ಇಳಿದು ಟಾಂಗಾ ಹಿಡಿದೆವು. ಕೋಟೆಯ ಮಣ್ಣಿನ ಗೋಡೆ ದೂರದಿಂದಲೇ ಕಂಡಿತು. ನಾನು ಎದ್ದು ನಿಂತು ಕೈ ತೋರಿಸಬೇಕೆನ್ನುವಷ್ಟರಲ್ಲಿ ಟಾಂಗಾ ಎಡಕ್ಕೆ ತಿರುಗಿ ಒಂದು ಓಣಿಯಲ್ಲಿ ನಿಂತಿತು.

"ಮೊದಲ ನಮ್ಮ ಅಕ್ಕನ ಮನಿರಿ," ಎಂದರು ಬಸಲಿಂಗಪ್ಪನವರು. "ಒಂದ್ ಕಪ್ ಚಾ ಕುಡದು ಹೋಗೋಣ."

ಒಳಗೆ ಕಾಲಿಟ್ಟೆ. ಚಹಾಕ್ಕೆ ಮೀರಿದ ಸಿದ್ಧತೆ ಕಂಡಿತು. ನಡುಮನೆಯಲ್ಲಿ ಎರಡು ಕುರ್ಚಿಗಳು. ಒಂದರಲ್ಲಿ ಶೇರವಾನಿ ತೊಟ್ಟ ಊರಿನ ವಕೀಲರು. ಇನ್ನೊಂದು ಖಾಲಿ, ಅದರ ಮೇಲೆ ಹೊಸ ಟವೆಲು ಹಾಸಿತ್ತು. ಗೋಡೆಗೆ ಒರಗಿ ಬಸಲಿಂಗಪ್ಪನವರ ಅಕ್ಕ ನೀಲಮ್ಮನವರು ಇಸ್ತ್ರಿ ಮಡಿಕೆ ಇನ್ನೂ ಬಿಡದ ನಾರಾಯಣಪೇಟೆ ಸೀರೆಯುಟ್ಟು ನಿಂತಿದ್ದರು.

"ಬರ್ರಿ ಪಂಡಿತ್ರ, ಕುಂದರ್ರಿ," ಎಂದರು ವಕೀಲರು. "ನಿಮ್ಮ ದಾರೀನೇ ಕಾಯಾಕ ಹತ್ತೀವಿ."

ಕೋಟೆ ನೋಡಲು ಬಂದವನ ದಾರಿಯನ್ನು ವಕೀಲರು ಯಾಕೆ ಕಾಯಬೇಕು? ನಾನು ಬಸಲಿಂಗಪ್ಪನವರ ಮುಖ ನೋಡಿದೆ. ಅವರು ತೊಲೆಯ ಕಡೆ ನೋಡಿದರು. ವಕೀಲರೇ ಬಿಡಿಸಿ ಹೇಳಿದರು.

ಮಂಗಳವಾರ ಜನವರಿ ಇಪ್ಪತ್ತಾರು, ಊರಿನಲ್ಲಿ ಸಭೆ. ಪೋಲೀಸ್ ಆ್ಯಕ್ಷನ್ನಿನ ಕಾಲದಲ್ಲಿ, ಎಂದರೆ ಊರವರು "ಗದ್ದಲ" ಎಂದು ಕರೆಯುವ ಆ ದಿನಗಳಲ್ಲಿ, ಭಾರತದ ಫೌಜು ಬರುವುದಕ್ಕೂ ಮೊದಲೇ ಯಾರೋ ಒಬ್ಬರು ಕೋಟೆಯ ಬುರುಜಿನ ಮೇಲೆ ತ್ರಿವರ್ಣ ಬಾವುಟ ಕಟ್ಟಿದ್ದರು. ಆ ಪುಣ್ಯಾತ್ಮನ ಹೆಸರು ಹಿಡಿದು ಕರೆದು ಶಾಲು ಹೊದಿಸಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ತೊಂದರೆಯೆಂದರೆ ಪುಣ್ಯಾತ್ಮರು ಇಬ್ಬರಿದ್ದರು. ಒಬ್ಬರು ಪೇಟೆಯ ಧಾನ್ಯದ ವ್ಯಾಪಾರಿ. ಕೋಟೆಯ ಅಗಸಿಬಾಗಿಲಲ್ಲಿದ್ದ ನಿಜಾಮನ ಕಾವಲಿನವರು ಎದ್ದು ಹೋದ ಮೇಲೆ, ಬೆಳಗಾಗುವಾಗ ತಾನು ಕಟ್ಟಿದೆ ಎನ್ನುತ್ತಿದ್ದರು. ಇನ್ನೊಬ್ಬರು ನೀಲಮ್ಮನವರ ಪತಿ ಚನ್ನಬಸಪ್ಪ. ಕಾವಲಿನವರು ಕೂತಿರುವಾಗಲೇ ಕತ್ತಲಲ್ಲಿ ಹತ್ತಿ ಕಟ್ಟಿದೆನೆಂದು ಹೆಂಡತಿಗೆ ಹೇಳಿದ್ದರು. ಹೇಳಿದವರು ಈಗ ಇರಲಿಲ್ಲ. ಮೂರು ವರ್ಷದ ಹಿಂದೆ ಜ್ವರದಲ್ಲಿ ಹೋಗಿದ್ದರು.

"ಹೈದರಾಬಾದಿನಾಗ ದೊಡ್ಡ ಪಂಡಿತ್ರು ಅದಾರ, ತಾರೀಖಿನ ಮಾತಿನಾಗ ಅವರನ್ನ ಮೀರಿದವ್ರಿಲ್ಲ ಅಂತ ನಿಮ್ಮ ಬಸಲಿಂಗಪ್ಪನವ್ರು ಹೇಳಿದ್ರು," ಎಂದರು ವಕೀಲರು. "ನೀವು ಇವ್ರ ಮಾತು ಕೇಳಿ, ಹೌದು, ಹೊಂದ್ತೈತಿ ಅಂದ್ರ ಸಾಕ್ರಿ. ನಮಗೂ ಸಭಾದಾಗ ಹೇಳಾಕ ಒಂದು ಆಧಾರ ಆತು."

ಹಾಗಾದರೆ ಬಸಲಿಂಗಪ್ಪನವರು ಬಂದದ್ದು ಕೋಟೆಗಾಗಿ ಅಲ್ಲ. ನನ್ನ ಸಹವಾಸಕ್ಕಾಗಿ ಖಂಡಿತ ಅಲ್ಲ! ಗಾಡಿಯಲ್ಲಿ ನನ್ನ ಭುಜದ ಮೇಲೆ ಅಷ್ಟು ನಿಶ್ಚಿಂತೆಯಿಂದ ನಿದ್ರಿಸಿದವರು ಒಬ್ಬ ಸಾಕ್ಷಿದಾರನನ್ನು ಸಾಗಿಸುತ್ತಿದ್ದರು. ನೋವಾಯಿತು. ಆದರೆ ಹೊಸ ಟವೆಲು ಹಾಸಿದ ಕುರ್ಚಿಯಲ್ಲಿ ಕೂತವನಿಗೆ ನೋವು ಬಹಳ ಹೊತ್ತು ನಿಲ್ಲುವುದಿಲ್ಲ.

"ಹೇಳಿ ತಾಯಿ," ಎಂದೆ, ನ್ಯಾಯಾಧೀಶನ ಧ್ವನಿಯಲ್ಲಿ.

ನೀಲಮ್ಮನವರು ಸೆರಗು ಬಿಗಿದುಕೊಂಡು ಹೇಳಿದರು: "ನಿಜಾಮ್ ಸಾಹೇಬ ರೇಡಿಯೋದಾಗ ಸೋತೆ ಅಂದ ದಿನಾರಿ ಅದು. ನಮಗೇನ್ ಗೊತ್ತು ಆವಾಗ. ಉಂಡು ಎದ್ದವ್ರು, ಬಾಗಲಾ ಹಾಕ್ಕೋ ಅಂದ್ರು, ಹೋದ್ರು. ಕಣ್ಣಿಗೆ ಕೈ ಕಾಣವಲ್ದು, ಅಂಥಾ ಕತ್ತಲಿ. ಅಮಾಸಿ ಇತ್ತೇನೋ ಅವತ್ತು. ಅದಕ್ಕ ಕಾವಲಿನವ್ರಿಗೆ ಕಾಣಲಿಲ್ಲ. ಬಂದಾಗ ಮೈಯೆಲ್ಲಾ ರಾಡಿ, ಧೋತರಾ ನಾನಽ ಹಿಂಡಿ ಹಾಕೀನಿ..."

"ಅಮಾವಾಸ್ಯೆ ಅಲ್ಲ," ಎಂದೆ ನಾನು.

ನನ್ನನ್ನು ಯಾರೂ ಕೇಳಿರಲಿಲ್ಲ! ಆ ಮಾತು ತಾನಾಗಿ ಹೊರಬಿತ್ತು. ಸೀನು ಬಂದ ಹಾಗೆ.

"ಅಂದು ೧೯೪೮ನೇ ಇಸವಿ ಸೆಪ್ಟೆಂಬರ್ ಹದಿನೇಳು, ಶುಕ್ರವಾರ. ಭಾದ್ರಪದ ಶುದ್ಧ ಚತುರ್ದಶಿ. ಮರುದಿನ ಹುಣ್ಣಿಮೆ. ಸಂಜೆಯಿಂದ ಬೆಳಗಿನ ತನಕ ಆಕಾಶದಲ್ಲಿ ಚಂದ್ರನಿರಲೇಬೇಕು. ಕತ್ತಲೆಯ ಪ್ರಶ್ನೆಯೇ ಬರುವುದಿಲ್ಲ."

ವಕೀಲರ ಹುಬ್ಬು ಮೇಲೇರಿತು. "ಅಂದ್ರ ಬೆಳದಿಂಗಳಿತ್ತು?"

"ಹಗಲಿನಂಥ ಬೆಳದಿಂಗಳು."

"ಪಂಡಿತ್ರ..." ಎಂದರು ಬಸಲಿಂಗಪ್ಪನವರು. ಅವರ ಧ್ವನಿಯಲ್ಲಿ ಎಂಥ ಕಲ್ಲೂ ಕೇಳಿಸಿಕೊಳ್ಳಬಹುದಾದ ಒಂದು ಬೇಡಿಕೆಯಿತ್ತು. ನನಗೆ ಕೇಳಿಸಲಿಲ್ಲ. ನಾನು ಆಧಾರ ಒದಗಿಸುವುದರಲ್ಲಿ ಮಗ್ನನಾಗಿದ್ದೆ.

"ಪಂಚಾಂಗ ಮಾತ್ರವಲ್ಲ, ಪ್ರತ್ಯಕ್ಷ ಪ್ರಮಾಣವೂ ಉಂಟು. ಆ ದಿನ ನಾನೂ ನನ್ನ ಪತ್ನಿಯೂ ಇಲ್ಲೇ ಹತ್ತಿರದ ಮಖ್ತಲದಲ್ಲಿ, ಅವಳ ತವರುಮನೆಯಲ್ಲಿದ್ದೆವು. ಆಕೆ ಅನಂತನ ವ್ರತ ಮಾಡಿ ನನ್ನ ತೋಳಿಗೆ ಕೆಂಪು ದಾರ ಕಟ್ಟಿದ್ದಳು. ಇಬ್ಬರೂ ಮಾಳಿಗೆಯ ಮೇಲೆ ಬಹಳ ಹೊತ್ತು ಕೂತಿದ್ದೆವು. ಆ ಬೆಳದಿಂಗಳಲ್ಲಿ ದಾರದ ಗಂಟುಗಳನ್ನು ಎಣಿಸಬಹುದಾಗಿತ್ತು."

"ಇಲ್ರಿ," ಎಂದರು ನೀಲಮ್ಮನವರು. "ಕತ್ತಲಿತ್ತು."

"ಧೋತರ ಒದ್ದೆಯಾದದ್ದು ಕಂದಕದ ನೀರಿನಿಂದ ಇರಬಹುದು ತಾಯಿ. ಆದರೆ ಕತ್ತಲೆ..."

"ನಿಮ್ಮ ಮನಿಯಾಕಿ ಅದಾರೇನ್ರಿ ಈಗ, ಕೇಳಾಕ?"

"ಇಲ್ಲ."

"ನಮ್ಮವ್ರೂ ಇಲ್ರಿ," ಎಂದು ಆಕೆ ಒಳಗೆ ಹೋದರು.

ವಕೀಲರು ಶೇರವಾನಿಯ ಗುಂಡಿಯೊಂದನ್ನು ತಿರುವುತ್ತ, ಹಾಗಿದ್ದರೆ ಧಾನ್ಯದ ವ್ಯಾಪಾರಿಯ ಹೆಸರನ್ನೇ ಕರೆಯಬೇಕಾದೀತು, ಏನು ಮಾಡುವುದು, ಪಂಡಿತರ ಮಾತನ್ನು ಮೀರುವ ಹಾಗಿಲ್ಲವಲ್ಲ ಎಂದರು. ಗಂಡನ ಹೆಸರನ್ನು ಊರ ಮುಂದೆ ಒಂದೇ ಒಂದು ಸಲ ಕೂಗಿ ಕರೆಯಲಿ ಎಂದು ಆ ಹೆಣ್ಣುಮಗಳು ಹೊಸ ಸೀರೆ ಉಟ್ಟು ನಿಂತಿದ್ದಳು. ನಾನು ಅವಳ ಮನೆಯ ಕುರ್ಚಿಯಲ್ಲೇ ಕೂತು ಅದನ್ನು ತಿಥಿ, ವಾರ, ಪಕ್ಷ ಸಮೇತ ಅಳಿಸಿ ಹಾಕಿದ್ದೆ!

ಊಟಕ್ಕೆ ಬಡಿಸಿದರು. ಬಿಸಿ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಯಾವುದರಲ್ಲೂ ಕೊರತೆ ಮಾಡಲಿಲ್ಲ. "ಇನ್ನೊಂದು ಹಾಕ್ಲೇನ್ರಿ?" ಎಂದು ಕೂಡ ಯಾರೂ ಕೇಳಲಿಲ್ಲ, ಸುಮ್ಮನೆ ಹಾಕಿದರು. ಬಡಿಸುವಾಗ ಮಾತಾಡದ ಮನೆಯಲ್ಲಿ ಹಿಂಡಿ ಬಹಳ ಖಾರವಾಗಿರುತ್ತದೆ.

ಮೂರನೆಯ ರೊಟ್ಟಿಯ ವೇಳೆಗೆ ನನಗೊಂದು ಯುಕ್ತಿ ಹೊಳೆಯಿತು. ಬೆಳದಿಂಗಳಿದ್ದರೇನಂತೆ? ನೆರಳೂ ಇರುತ್ತದಲ್ಲ! ಚಂದ್ರ ಮೂಡಣದಲ್ಲಿರುವಾಗ ಬುರುಜಿನ ಪಡುವಣ ಮೈ ನೆರಳಿನಲ್ಲಿರಬೇಕು. ಆ ಕಡೆಯಿಂದ ಹತ್ತಿದವನನ್ನು ಕಾವಲಿನವರು ಕಾಣುವುದು ಅಸಾಧ್ಯ. ಚಂದ್ರನೂ ಉಳಿದ, ಚನ್ನಬಸಪ್ಪನವರೂ ಉಳಿದರು! ಇದನ್ನು ಮಾತಿನಲ್ಲಿ ಹೇಳಿದರೆ ವಕೀಲರು ಒಪ್ಪರು. ಸೂರ್ಯನನ್ನೇ ಚಂದ್ರನೆಂದು ಭಾವಿಸಿ, ಸ್ವತಃ ಹತ್ತಿ ತೋರಿಸುತ್ತೇನೆಂದು ಘೋಷಿಸಿದೆ.

"ಬ್ಯಾಡ್ರಿ ಪಂಡಿತ್ರ," ಎಂದರು ಬಸಲಿಂಗಪ್ಪನವರು. "ನಿಮ್ಮ ವಯಸ್ಸೆಷ್ಟು?"

ನನ್ನ ವಯಸ್ಸನ್ನು ಮೂರು ಶಕೆಗಳಲ್ಲಿ ತಿಳಿಸಿ ಹೊರಟೆ.

ವಕೀಲರನ್ನೂ ಬಸಲಿಂಗಪ್ಪನವರನ್ನೂ ಕಾವಲಿನವರ ಸ್ಥಾನದಲ್ಲಿ, ಅಗಸಿಯ ಕಟ್ಟೆಯ ಮೇಲೆ ನಿಲ್ಲಿಸಿದೆ. ಉದ್ದ ಕೋಟು, ಟೊಪ್ಪಿಗೆ, ಕಚ್ಚೆಪಂಚೆ ಸಹಿತನಾಗಿ ಕಂದಕಕ್ಕೆ ಇಳಿದು ಪಡುವಣ ಮೈಯನ್ನು ಏರತೊಡಗಿದೆ. ಮಳೆ ಕೊರೆದ ಮಣ್ಣಿನಲ್ಲಿ ಕಾಲಿಡಲು ಸಾಕಷ್ಟು ಗುಳಿಗಳಿದ್ದವು. ಇಷ್ಟು ಸುಲಭವಾದ ಸಂಶೋಧನೆಯನ್ನು ನಾನು ಮಾಡಿಯೇ ಇರಲಿಲ್ಲ. ಅರ್ಧ ಏರಿದಾಗ ಬೆನ್ನು ಚುರುಗುಟ್ಟತೊಡಗಿತು. ಖಾರದ ಹಿಂಡಿಯ ಪ್ರಭಾವ ಎಂದುಕೊಂಡೆ. ಅಲ್ಲ. ಅದು ಬಿಸಿಲು! ತಾರೀಖುಗಳ ನಡುವೆಯೇ ತಲೆ ಹಣ್ಣಾದವನಿಗೆ, ಊಟವಾಗುವ ಹೊತ್ತಿಗೆ ಸೂರ್ಯ ಪಡುವಣಕ್ಕೆ ವಾಲಿರುತ್ತಾನೆಂಬ ಸಂಗತಿ ಹೊಳೆದಿರಲಿಲ್ಲ. ಇಡೀ ಕೋಟೆಯಲ್ಲಿ ಬೆಳಕು ಚೆನ್ನಾಗಿ ಬಿದ್ದ ಜಾಗವೊಂದಿದ್ದರೆ ಅದು ನಾನಿದ್ದ ಜಾಗ.

ಇಳಿಯಲು ತಿರುಗಿದೆ. ಬುರುಜಿನ ಸಂದಿಯಲ್ಲಿ ಬೆಳೆದ ಜಾಲಿಗಿಡ ಕೋಟಿನ ಬೆನ್ನನ್ನು ಹಿಡಿದುಕೊಂಡಿತು. ಕಾಲಡಿಯ ಮಣ್ಣು ಜಾರಿತು. ನಾನು ಜಾರಲಿಲ್ಲ, ಕೋಟು ಬಹಳ ಗಟ್ಟಿಯಾಗಿತ್ತು.

ಕೆಳಗೆ ಸಂತೆಗೆ ಹೊರಟಿದ್ದ ತೆಲುಗು ಹೆಂಗಸರು ಬುಟ್ಟಿ ಇಳಿಸಿ ನಿಂತರು. "ಎವರಯ್ಯಾ ಅದಿ? ಪಡತಾವು! ದಿಗು, ದಿಗು!" ಬೀಳುತ್ತೀಯ, ಇಳಿ ಎಂದು ಅವರು ಹೇಳುತ್ತಿದ್ದುದರಲ್ಲಿ ನನಗೆ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ. ಇಳಿಯುವ ಮಾರ್ಗದ ಬಗ್ಗೆ ಮಾತ್ರ ಅವರು ಏನೂ ಸೂಚಿಸಲಿಲ್ಲ. ನೋಡನೋಡುತ್ತ ಅರ್ಧ ಪೇಟೆ ನೆರೆಯಿತು. ಯಾರೋ ಮೇಲಿನಿಂದ ಬಾವಿಯ ಹಗ್ಗ ಬಿಟ್ಟರು. ಅದನ್ನು ಸೊಂಟಕ್ಕೆ ಬಿಗಿದುಕೊಂಡು, ತುಂಬಿದ ಕೊಡದ ಹಾಗೆ ಗೋಡೆಗೆ ತಾಗುತ್ತ ಬಡಿಯುತ್ತ ಕಂದಕಕ್ಕೆ ಇಳಿದೆ. ತೋಳು ಬಿಡಿಸಿಕೊಂಡ ಕೋಟು ಅಲ್ಲೇ ಉಳಿಯಿತು. ಗಾಳಿಗೆ ಅದು ಬುರುಜಿನ ಮೇಲೆ ಚೆನ್ನಾಗಿ ಹಾರಾಡುತ್ತಿತ್ತು.

ವಕೀಲರು ಬಂದು ನನ್ನ ಟೊಪ್ಪಿಗೆಯ ಧೂಳು ಕೊಡವಿ ಕೊಟ್ಟರು. ಬಹಳ ಮರ್ಯಾದಸ್ಥರು.

"ಪಂಡಿತ್ರ, ನಿಮ್ಮ ಪರೀಕ್ಷಾ ಮುಗೀತ್ರಿ. ನೀವು ಎರಡ್ ಹೆಜ್ಜಿ ಹತ್ತೋದ್ರಾಗ ಊರೆಲ್ಲಾ ನೋಡ್ತು. ಅವತ್ತೂ ಹಗಲಿನಂಥ ಬೆಳದಿಂಗಳಿತ್ತು ಅಂತ ನೀವಽ ಅಂದ್ರಿ. ಇನ್ನ ಮಾತೇನೈತಿ?"

ಗುಂಪಿನ ಹಿಂದೆ ನೀಲಮ್ಮನವರು ನಿಂತಿದ್ದರು. ನನ್ನ ಅಂಗಿಯ ಬೆನ್ನು ಹರಿದಿದ್ದನ್ನು ನೋಡಿ, ಮನೆಯಿಂದ ಒಂದು ಹಳೆಯ ಗಂಡಸರ ಶಾಲು ತರಿಸಿ ತಮ್ಮನ ಕೈಗೆ ಕೊಟ್ಟರು. "ಹೊದಸು ಅವ್ರಿಗೆ. ಗಾಡ್ಯಾಗ ಚಳಿ ಇರ್ತೈತಿ."

ಗದ್ವಾಲದಲ್ಲಿ ಶಾಲು ಹೊದಿಸಿಕೊಂಡು ಬಂದವನು ನಾನು!

ಹಿಂತಿರುಗುವಾಗ ಬಸಲಿಂಗಪ್ಪನವರು ಎದುರಿನ ಬೆಂಚಿನಲ್ಲಿ ಕೂತರು. ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

"ಹೌದು ಅಂದಿದ್ರ ಏನ್ ಹೋಗ್ತಿತ್ರಿ ಪಂಡಿತ್ರ?"

ನಾನು ಆ ಹಳೆಯ ಶಾಲನ್ನು ಕಿವಿಯ ತನಕ ಎಳೆದುಕೊಂಡೆ.

ಆಮೇಲೆ ಕೆಲವು ತಿಂಗಳು ಅವರು ಮೆಟ್ಟಿಲಲ್ಲಿ ಕಂಡರೆ ನಮಸ್ಕಾರ ಮಾತ್ರ ಮಾಡುತ್ತಿದ್ದರು. ಸಭೆಯಲ್ಲಿ ಧಾನ್ಯದ ವ್ಯಾಪಾರಿಯ ಹೆಸರು ಕರೆದರೆಂದು ಬೇರೆಯವರಿಂದ ತಿಳಿಯಿತು. ನಾನು ಕೋಟೆಗಳಿಗೆ ಹೋಗಲಿಲ್ಲ. ಮನೆಯಲ್ಲಿ ಕೂತಾಗಲೆಲ್ಲ ಆ ರಾಡಿ ಹತ್ತಿದ ಧೋತರ ಕಣ್ಣಿಗೆ ಕಟ್ಟುತ್ತಿತ್ತು. ಕಂದಕದ ನೀರೆಂದು ನಾನು ಅಷ್ಟು ಸಲೀಸಾಗಿ ಹೇಳಿದ್ದೆನಲ್ಲ. ಕಂದಕಕ್ಕೆ ಇಳಿದವನ ಕಾಲು ನೆನೆದೀತು. ಮೈಯೆಲ್ಲ ರಾಡಿ, ಕೆಸರು ಯಾಕಾಗಬೇಕು?

ಪರಿಚಯದ ಕಚೇರಿಯೊಂದಕ್ಕೆ ಹೋಗಿ ತಾಲ್ಲೂಕುಗಳ ಮಳೆಯ ವರದಿಯ ಆ ವರ್ಷದ ಸಂಪುಟ ತೆಗೆಸಿದೆ. ಗದ್ವಾಲ ತಾಲ್ಲೂಕು, ಸೆಪ್ಟೆಂಬರ್ ಹದಿನೇಳು: ಸಂಜೆಯಿಂದ ಬೆಳಗಿನ ತನಕ ಎಡೆಬಿಡದೆ ಮಳೆ.

ಅಮಾವಾಸ್ಯೆಯಲ್ಲ ಎಂಬುದು ಸರಿ. ಚತುರ್ದಶಿ ಎಂಬುದೂ ಸರಿ. ಚಂದ್ರ ಆಕಾಶದಲ್ಲಿ ಇದ್ದದ್ದೂ ಸರಿಯೇ. ಆದರೆ ಅವನ ಕೆಳಗೆ ಮೋಡವಿತ್ತು. ಗದ್ವಾಲದ ನೆಲದ ಮೇಲೆ ನಿಂತವರಿಗೆ ಕಣ್ಣಿಗೆ ಕೈ ಕಾಣದ ಕತ್ತಲೆ. ಇಷ್ಟನ್ನು ನಕಲು ಮಾಡಿ, ಚನ್ನಬಸಪ್ಪನವರ ಮಾತು ಹೊಂದುತ್ತದೆ, ನಾನು ಹೇಳಿದ್ದು ತಪ್ಪು ಎಂದು ಬರೆದು, ಸಹಿ ಹಾಕಿ, ವಕೀಲರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. "ತಪ್ಪು" ಎಂಬ ಶಬ್ದವನ್ನು ನನ್ನ ಹೆಸರಿನ ಪಕ್ಕದಲ್ಲಿ ಬರೆದು ರೂಢಿಯಿರಲಿಲ್ಲ; ಅಕ್ಷರ ಸೊಟ್ಟಗಾಯಿತು.

ಗದ್ವಾಲದಲ್ಲಿ ಆಗಸ್ಟ್ ಹದಿನೈದರ ಸಭೆ ಕಳೆದ ಮೇಲೆ ಬಸಲಿಂಗಪ್ಪನವರು ಮೆಟ್ಟಿಲು ಹತ್ತಿ ಬಂದರು. ಮುಖ ಅರಳಿತ್ತು.

"ಹೆಸರು ಕರದ್ರಂತ್ರಿ ಪಂಡಿತ್ರ! ಒಮ್ಮೆ ಅಲ್ಲ, ಎರಡ್ ಸಲ ಕೂಗಿದ್ರಂತ. ಅಕ್ಕ ಅತ್ತಳಂತ. ನಿಮಗ ಹೇಳು ಅಂದಾಳ."

ಕೂರಿಸಿದೆ. ಚಹಾ ಮಾಡಿಕೊಟ್ಟೆ. ಮಾತಿನ ನಡುವೆ, ಸಹಜವಾಗಿ ಎಂಬಂತೆ, ಬರುವ ಆದಿತ್ಯವಾರ ಮುದಗಲ್ಲಿನ ಕೋಟೆಗೆ ಹೋಗಬಹುದೆಂದು ಸೂಚಿಸಿದೆ.

ಅವರು ಬಟ್ಟಲು ಕೆಳಗಿಟ್ಟು ಮೊಣಕಾಲು ನೀವಿಕೊಂಡರು. "ಬರತಿದ್ನಿರಿ. ಈ ಮಣಕಾಲೊಂದು..."

ಅವರು ಎರಡೆರಡು ಮೆಟ್ಟಿಲನ್ನು ಒಟ್ಟಿಗೇ ದಾಟುತ್ತ ಇಳಿದು ಹೋದ ಸದ್ದು ಕೇಳಿಸಿತು. ತಿದ್ದಲಿಲ್ಲ.

ಇನ್ನೊಂದು ಸಂಗತಿಯನ್ನು ನಮೂದಿಸಬೇಕು. ಆ ಸಂಪುಟದಲ್ಲಿ ಗದ್ವಾಲದ ಪುಟ ನೋಡಿದ ಮೇಲೆ ನಾನು ಅದನ್ನು ಮುಚ್ಚಬಹುದಾಗಿತ್ತು. ಮುಚ್ಚಲಿಲ್ಲ, ಮಖ್ತಲದ ಪುಟವನ್ನೂ ತಿರುವಿದೆ. ಅದೇ ತಾರೀಖು: ಸಂಜೆಯಿಂದ ಬೆಳಗಿನ ತನಕ ಎಡೆಬಿಡದೆ ಮಳೆ. ಬೇರೆ ವರ್ಷದ ನೆನಪನ್ನು ಈ ವರ್ಷಕ್ಕೆ ಸೇರಿಸಿದೆನೇ ಎಂದು ಪರಿಶೀಲಿಸಿದೆ. ಮತ್ತಾವ ವರ್ಷವೂ ಅನಂತನ ವ್ರತಕ್ಕೆ ನಾವು ಮಖ್ತಲದಲ್ಲಿರಲಿಲ್ಲ. ವರದಿಯ ಮೇಲೆ ತಹಶೀಲಿನ ಮೊಹರು ಸ್ಪಷ್ಟವಾಗಿದೆ, ಸಂಶಯಕ್ಕೆ ಎಡೆಯಿಲ್ಲ. ಆ ದಾಖಲೆಯ ಪ್ರಕಾರ ಅಂದು ಮಾಳಿಗೆ ಹತ್ತುವ ಹಾಗೆಯೇ ಇರಲಿಲ್ಲ.

ನನಗೆ ನೆನಪಿರುವಂತೆ, ನಾವಿಬ್ಬರೂ ಒಂದು ಹನಿಯೂ ನೆನೆಯಲಿಲ್ಲ.